ದೇವರ ಪಾಲಿನ ಕಲ್ಲಂಗಡಿ

ನಮ್ಮ ಮನೆಯಲ್ಲಿ ಐತವಾರದ ತತ್ತಿ ನಮ್ಮದಾಗಿರಲಿಲ್ಲ. ಕೋಳಿ ನಮ್ಮದು, ಅದು ಕೂರುವ ಬುಟ್ಟಿ ನಮ್ಮದು, ಅದಕ್ಕೆ ಚೆಲ್ಲುವ ನುಚ್ಚು ನಮ್ಮದು. ಆದರೆ ಐತವಾರ ಬೆಳಿಗ್ಗೆ ಅದು ತತ್ತಿ ಇಟ್ಟಿತೋ, ಅದು ದೇವರದು. ಅಪ್ಪನ ತಾಯಿ ರೂತಮ್ಮ, ನಾನು ಆಯಿ ಎಂದು ಕರೆಯುತ್ತಿದ್ದವಳು, ಆ ಬೆಚ್ಚಗಿನ ತತ್ತಿಯನ್ನು ಸೆರಗಿನಿಂದ ಒರೆಸಿ, ಜೋಳ ತುಂಬಿದ ಡಬ್ಬಿಯಲ್ಲಿ ಹುದುಗಿಸಿ, ರಾಣೆಬೆನ್ನೂರಿನ ನಮ್ಮ ಕ್ರೈಸ್ತ ದೇವಾಲಯಕ್ಕೆ ಒಯ್ದು ಕಾಣಿಕೆಯ ಮೇಜಿನ ಮೇಲೆ ಇಡುತ್ತಿದ್ದಳು. ನನಗೋ ತತ್ತಿಯೆಂದರೆ ಜೀವ. ಶನಿವಾರ ಸಂಜೆ ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ‘ಇವತ್ತ ಇಟ್ಟುಬಿಡವಾ, ಇಲ್ಲಾಂದ್ರ ಸೋಮವಾರದ ಮಟ ತಡಕೋ’ ಎಂದು ಕೋಳಿಯನ್ನು ಬೇಡಿಕೊಳ್ಳುತ್ತಿದ್ದೆ. ಅದು ಆಯಿಯ ಪಕ್ಷದ ಕೋಳಿ. ವಾರವೆಲ್ಲ ತಿಪ್ಪೆ ಕೆದರಿಕೊಂಡು ಆರಾಮಾಗಿದ್ದು, ಐತವಾರ ದೇವಾಲಯದ ಮೊದಲ ಗಂಟೆ ಹೊಡೆಯುವ ಹೊತ್ತಿಗೆ ಓಣಿಗೆಲ್ಲ ಕೇಳುವಂತೆ ಕೂಗಿ ತತ್ತಿ ಇಡುತ್ತಿತ್ತು. ಈಗ ನನ್ನ ಫ್ರಿಜ್ಜಿನ ಬಾಗಿಲ ತುಂಬ ತತ್ತಿಗಳಿವೆ. ಯಾವುದು ಯಾವ ವಾರದ್ದೋ ಕೇಳುವವರಿಲ್ಲ. ಡಾಕ್ಟರು ಮಾತ್ರ ಹಳದಿ ತಿನ್ನಬೇಡಿ ಎಂದಿದ್ದಾರೆ.

ಐರಣಿ ಕಡೆಯ ರಸ್ತೆಯಲ್ಲಿ ಊರು ಮುಗಿಯುವಲ್ಲಿ ನಮ್ಮ ಮನೆ. ಮುಂದೆ ಪಡಸಾಲೆ, ನಡುವೆ ಕಾಳಿನ ಚೀಲಗಳೂ ನಮ್ಮ ಹಾಸಿಗೆಗಳೂ ಜಾಗಕ್ಕಾಗಿ ಜಗಳಾಡುತ್ತಿದ್ದ ಖೋಲಿ, ಹಿಂದೆ ಅಡುಗೆಮನೆ. ಅಡುಗೆಮನೆಯ ಮೂಲೆಯಲ್ಲಿ ಒಂದು ಗಡಿಗೆ. ದಿನಾ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಅವ್ವ ಒಂದು ಹಿಡಿ ಜೋಳವನ್ನು ಅದಕ್ಕೆ ಹಾಕಬೇಕು. ತಿಂಗಳಿಗೊಮ್ಮೆ ಅದು ದೇವಾಲಯಕ್ಕೆ ಹೋಗಿ, ಅಲ್ಲಿಂದ ಯಾರ ಮನೆಯಲ್ಲಿ ಒಲೆ ಹತ್ತಿಲ್ಲವೋ ಅವರ ಮನೆಗೆ ಹೋಗುತ್ತಿತ್ತು. ಹಿತ್ತಲಿನ ನಿಂಬೆಗಿಡದಲ್ಲಿಯೂ ಒಂದು ಟೊಂಗೆ ದೇವರದು, ಅದೂ ಹಣ್ಣು ಜಾಸ್ತಿ ಬಿಡುವ ಟೊಂಗೆ. ನಮ್ಮ ಮನೆಯಲ್ಲಿ ಕೈಚಾಚಿದಲ್ಲೆಲ್ಲ ದೇವರ ಸಾಮಾನು ತಗಲುತ್ತಿತ್ತು. ಒಂದು ಸಲ ಹೊಸ ಜೋಳ ಬರುವ ಮುಂಚೆ ಮನೆಯ ಚೀಲ ಖಾಲಿಯಾದ ದಿನವೇ ಅವ್ವನ ಅಣ್ಣ ಬಂದುಬಿಟ್ಟ. ಅವ್ವ ಹಿಂದೆಮುಂದೆ ನೋಡದೆ ಆ ಗಡಿಗೆಗೆ ಕೈ ಹಾಕಿದಳು. ಆಯಿ ಹೊಸ್ತಿಲಲ್ಲಿಯೇ ನಿಂತಿದ್ದಳು.

“ಅದು ದೇವರ ಪಾಲು ಐತಿ, ಸುಶೀಲಾ.”

“ಬಂದಾಂವ ನಮ್ಮಣ್ಣ ಅದಾನ್ರಿ ಅತ್ತಿ. ಉಪಾಸ ಕಳಸ್ಲೇನು? ದೇವರಿಗೇನು ಹಸಿವಿ ಆಗತೈತೇನ್ರಿ?”

“ಆಗತೈತಿ. ಹಸದಾವ್ರ ಹೊಟ್ಟ್ಯಾಗ ಅಂವ ಇರ್ತಾನ.”

“ಹಂಗಾರ ಇವತ್ತ ನಮ್ಮಣ್ಣನ ಹೊಟ್ಟ್ಯಾಗ ಬಂದು ಕುಂತಾನ ತಗೋರಿ.”

ಆಯಿ ಒಂದು ಗಳಿಗೆ ಸೊಸೆಯ ಮುಖ ನೋಡಿದವಳು ಗೊಳ್ಳನೆ ನಕ್ಕುಬಿಟ್ಟಳು. ತಾನೇ ಬೀಸುಕಲ್ಲಿನ ಮುಂದೆ ಕೂತು ಹಿಟ್ಟು ಬೀಸಿಕೊಟ್ಟಳು. ಅವರಿಬ್ಬರ ಜಗಳಗಳು ಹೀಗೇ, ಕೂಗಾಟದಲ್ಲಿ ಶುರುವಾಗಿ ರೊಟ್ಟಿಯಲ್ಲಿ ಮುಗಿಯುತ್ತಿದ್ದವು. ನನಗೆ ಮಾತ್ರ ಸಮಾಧಾನವಾಗುತ್ತಿರಲಿಲ್ಲ. ಎಲ್ಲವೂ ದೇವರದಾದರೆ ನಮ್ಮದು ಯಾವುದು ಎಂದು ಕೇಳಿದರೆ, “ನಮ್ದೇನಿಲ್ಲವಾ ಪಮ್ಮಿ, ನಾವು ಬರೇ ಮನೆವಾರ್ತಿ ನೋಡಕೊಳ್ಳಾವ್ರು. ಮಾಲಕ ಅಂವ” ಎನ್ನುತ್ತಿದ್ದಳು ಆಯಿ. ಈ ಉತ್ತರ ಕೇಳಿದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ತತ್ತಿ ತಿನ್ನುವ ವಯಸ್ಸಿನಲ್ಲಿ ಇಂಥ ಮಾತು ಯಾರಿಗೆ ಬೇಕು.

ಆ ವರ್ಷ ಅಪ್ಪ ಒಂದು ಬೀಜದ ಕಂಪನಿಯ ಜೊತೆ ಕರಾರು ಮಾಡಿಕೊಂಡು ಹೊಲದಲ್ಲಿ ಕಲ್ಲಂಗಡಿ ಬೀಜದ ಪ್ಲಾಟು ಮಾಡಿದ. ನಮ್ಮ ಕಡೆ ಆಗ ಆ ಕೆಲಸ ಹೊಸದಾಗಿ ಹಬ್ಬುತ್ತಿತ್ತು, ಎಲ್ಲರ ಬಾಯಲ್ಲೂ ಅದೇ ಮಾತು. ಕಂಪನಿಯವರು ಗಂಡುಸಾಲಿನ ಬೀಜ ಬೇರೆ, ಹೆಣ್ಣುಸಾಲಿನ ಬೀಜ ಬೇರೆ ಕೊಡುತ್ತಾರೆ. ಸಂಜೆ ಹೆಣ್ಣುಸಾಲಿನಲ್ಲಿ ನಾಳೆ ಅರಳುವ ಮೊಗ್ಗು ಹುಡುಕಿ ಕಾಗದದ ಟೊಪ್ಪಿಗೆ ಹಾಕಬೇಕು. ಬೆಳಿಗ್ಗೆ ಬಿಸಿಲೇರುವುದರೊಳಗೆ ಗಂಡುಸಾಲಿನ ಹೂ ಕಿತ್ತು ತಂದು, ಟೊಪ್ಪಿಗೆ ತೆಗೆದು, ಹೂವಿಗೆ ಹೂ ಸವರಿ, ಮತ್ತೆ ಮುಚ್ಚಿ, ತೊಟ್ಟಿಗೆ ಕೆಂಪು ದಾರ ಕಟ್ಟಬೇಕು. ಜೇನುಹುಳದ ಕೆಲಸವನ್ನು ಮನುಷ್ಯರು ಮಾಡುವುದು, ಅಷ್ಟೆ. ಅವ್ವ, ಓಣಿಯ ಹೆಂಗಸರು, ಶಾಲೆಗೆ ಹೋಗುವ ಮೊದಲು ನಾನು, ಎಲ್ಲರೂ ಸಾಲಿನಲ್ಲಿ ಬಗ್ಗಿಕೊಂಡು ಹೂ ಸವರುತ್ತಿದ್ದೆವು. ಅಪ್ಪನಂತೂ ಆ ಬಳ್ಳಿಗಳ ನಡುವೆಯೇ ಇರುತ್ತಿದ್ದ. ಎತ್ತರದ ಮನುಷ್ಯ, ಮಾತು ಕಡಿಮೆ. ಬಳ್ಳಿ ತುಳಿಯದಂತೆ ಹೆಜ್ಜೆ ಎತ್ತಿಡುವುದನ್ನು ಎಷ್ಟು ರೂಢಿ ಮಾಡಿಕೊಂಡಿದ್ದನೆಂದರೆ ಮನೆಯಲ್ಲೂ ಹಾಗೆಯೇ ನಡೆಯುತ್ತಿದ್ದ. ಅವ್ವ ನಗುತ್ತಿದ್ದಳು.

ಕಂಪನಿಯ ಕರಾರು ಬಲು ಕಟ್ಟುನಿಟ್ಟು. ದಾರ ಕಟ್ಟಿದ ಹಣ್ಣು ಪೂರಾ ಕಳಿತ ಮೇಲೆ ಕಂಪನಿಯ ಪಾಟೀಲ ಸಾಹೇಬರ ಎದುರಿಗೇ ಒಡೆಯಬೇಕು. ತಿರುಳು ಯಾರಾದರೂ ತಿನ್ನಲಿ, ದನಕ್ಕೆ ಹಾಕಲಿ, ಬೀಜ ಮಾತ್ರ ಒಂದೂ ಬಿಡದಂತೆ ಕಂಪನಿಗೆ ಸೇರಬೇಕು. ಒಂದು ಹಣ್ಣು ಹೊರಗೆ ಹೋಯಿತೆಂದರೆ ಪ್ಲಾಟು ರದ್ದು, ಬೆಳೆದದ್ದೆಲ್ಲ ನೀರಿನಲ್ಲಿ ಹೋಮ. ಮತ್ತೆ ಯಾವ ಕಂಪನಿಯೂ ಆ ರೈತನ ಹೊಲದ ಕಡೆ ತಲೆ ಹಾಕುವುದಿಲ್ಲ. ಅಪ್ಪನಿಗೆ ಇದು ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆಯಿಗೂ ಗೊತ್ತಿತ್ತು, ಆದರೆ ಆಯಿಯ ಕರಾರು ಕಂಪನಿಯ ಕರಾರಿಗಿಂತ ಹಳೆಯದು. ಹೊಲದಲ್ಲಿ ಏನೇ ಬೆಳೆಯಲಿ, ಮೊದಲು ಕಳಿತದ್ದು ಸುಗ್ಗಿ ಹಬ್ಬದ ದಿನ ದೇವಾಲಯಕ್ಕೆ. ಹಬ್ಬ ಹತ್ತಿರ ಬಂತು. ಒಂದು ರಾತ್ರಿ ಊಟಕ್ಕೆ ಕೂತಾಗ ಆಯಿ ಮಾತು ತೆಗೆದಳು.

“ಶಾಂತಪ್ಪಾ, ಬಾವಿ ಬಾಜೂಕ ಇರೂ ಹಣ್ಣು ಬಡದು ನೋಡಿದೆ. ಕಳತೈತಿ. ಹಬ್ಬಕ್ಕ ಬರೋಬ್ಬರಿ ಆಗತೈತಿ.”

ಅಪ್ಪ ತುತ್ತು ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿದ.

“ಯವ್ವಾ, ಆ ಹಣ್ಣಿನ ತಂಟೇಕ ಹೋಗಬ್ಯಾಡ. ಅದು ಕಂಪನಿದು. ಸಂತಿಯಿಂದ ಚೊಲೋ ಹಣ್ಣ ತರತೇನಿ, ಅದನ್ನ ಇಡು.”

“ಸಂತ್ಯಾಗ ಕೊಂಡದ್ದು ನಮ್ಮ ಹೊಲದ ಮೊದಲನೇ ಹಣ್ಣು ಹ್ಯಾಂಗ ಆಗತೈತೋ?”

“ಮಂದಿ ಸಾಮಾನು ಒಯ್ದು ದೇವರಿಗೆ ಕೊಟ್ರ ಅದು ಕಾಣಿಕಿ ಹ್ಯಾಂಗ ಆಗತೈತಬೇ?”

ಅಪ್ಪ ಆಯಿಗೆ ಎದುರಾಡಿದ್ದನ್ನು, ಅದೂ ದೇವರ ಪಾಲಿನ ವಿಷಯದಲ್ಲಿ, ನಾನು ಕೇಳಿದ್ದೇ ಅದು ಮೊದಲು. ಆಯಿ ಉತ್ತರ ಕೊಡಲಿಲ್ಲ. ಮಜ್ಜಿಗೆ ಕುಡಿದು ಎದ್ದು ಹೋದಳು. ಅಪ್ಪ ಅದನ್ನು ಒಪ್ಪಿಗೆ ಎಂದುಕೊಂಡ. ಇಷ್ಟು ವರ್ಷ ಆ ತಾಯಿಯ ಮಗನಾಗಿದ್ದೂ ಆ ಮೌನ ಅವನಿಗೆ ತಿಳಿಯಲಿಲ್ಲವಲ್ಲ ಎಂದು ಅವ್ವ ಆಮೇಲೆ ಎಷ್ಟೋ ವರ್ಷ ಆಡಿಕೊಂಡಳು.

ಸುಗ್ಗಿ ಹಬ್ಬವೆಂದರೆ ನಮ್ಮ ದೇವಾಲಯ ಅವತ್ತು ಸಂತೆಪೇಟೆಯೇ ಸರಿ! ಬಾಗಿಲಿಗೆ ಕಬ್ಬು ಕಟ್ಟುತ್ತಿದ್ದರು, ಕಂಬಗಳಿಗೆ ಜೋಳದ ತೆನೆ. ಮುಂದಿನ ಮೇಜಿನ ಮೇಲೆ ಕುಂಬಳಕಾಯಿ, ಬದನೆಕಾಯಿ, ಸೇರುಗಟ್ಟಲೆ ಕಡಲೆ, ಕಾಲು ಕಟ್ಟಿದ ಹುಂಜಗಳು, ಯಾರೋ ಕಟ್ಟಿ ನಿಲ್ಲಿಸಿದ ಆಡು. ಪಾದ್ರಿ ಅಯ್ಯನವರು ಪ್ರಾರ್ಥನೆ ಮಾಡುವಾಗ ಆಡು ‘ಮ್ಯಾ’ ಎಂದರೆ ನಾವು ಮಕ್ಕಳು ಬಾಯಿಗೆ ಕೈ ಒತ್ತಿ ಹಿಡಿದು ನಡುಗುತ್ತಿದ್ದೆವು. ಆರಾಧನೆ ಮುಗಿದ ಮೇಲೆ ಸವಾಲು. ಕಾಣಿಕೆಯಾಗಿ ಬಂದ ಒಂದೊಂದನ್ನೂ ಎತ್ತಿ ತೋರಿಸಿ ಕೂಗುವುದು. ಹೆಚ್ಚಿಗೆ ಕೂಗಿದವರಿಗೆ ಅದು, ಬಂದ ದುಡ್ಡು ಬಡವರಿಗೆ. ಸವಾಲು ನಡೆಸುವವರು ನಮ್ಮ ಶಾಲೆಯ ಸಾಲೊಮೋನ ಮಾಸ್ತರರು, ಕೈಯಲ್ಲಿ ರೂಲುದೊಣ್ಣೆ. ಪ್ರತಿ ವರ್ಷ ತಪ್ಪದೆ ಬರುತ್ತಿದ್ದವರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಬಸವಣ್ಣೆಪ್ಪನವರು. ಹಣೆತುಂಬ ವಿಭೂತಿ, ಬಿಳೀ ರುಮಾಲು, ಮೊದಲ ಸಾಲಿನಲ್ಲಿ ಕೂತು ನಮ್ಮ ಹಾಡಿಗೆಲ್ಲ ತಲೆದೂಗುತ್ತಿದ್ದರು. “ಪ್ಯಾಟ್ಯಾಗ ಲಾಭಕ್ಕ ಸವಾಲ್ ಕೂಗ್ತೇನಿ, ಇಲ್ಲಿ ಲುಕ್ಸಾನ್ ಮಾಡಕೊಳ್ಳಾಕ ಬರ್ತೇನಿ. ಆ ಖುಷೀನ ಬ್ಯಾರೆ” ಎನ್ನುತ್ತಿದ್ದರು.

ಅವತ್ತು ಅಪ್ಪ ಇನ್ನೂ ಬಂದಿರಲಿಲ್ಲ. ನೀರು ಹಾಯಿಸಿ ಬರುತ್ತೇನೆಂದು ನಸುಕಿಗೇ ಹೊಲಕ್ಕೆ ಹೋಗಿದ್ದ. ಕುಂಬಳಕಾಯಿಯ ಸವಾಲು ಮುಗಿಯಿತು, ಹುಂಜಗಳದ್ದಾಯಿತು. ಆಮೇಲೆ ಮಾಸ್ತರರು ಮೇಜಿನ ಹಿಂದಿನಿಂದ ಎರಡೂ ಕೈಯಲ್ಲಿ ತಬ್ಬಿ ಒಂದು ಹಣ್ಣು ಎತ್ತಿದರು. ಕಡುಹಸಿರು, ಗುಂಡನೆಯ ಕಲ್ಲಂಗಡಿ. ತೊಟ್ಟಿನಲ್ಲಿ ಕೆಂಪು ದಾರ. ನಾನು ಅವ್ವನ ಕಡೆ ನೋಡಿದೆ. ಅವ್ವ ಆಯಿಯ ಕಡೆ ನೋಡಿದಳು. ಆಯಿ ಕಣ್ಣು ಮುಚ್ಚಿ ಕೂತಿದ್ದಳು, ಮುಖದಲ್ಲಿ ಏನೊಂದೂ ಅಳುಕಿಲ್ಲ. ಅದೇ ಹೊತ್ತಿಗೆ ಹೊರಗೆ ಸೈಕಲ್ಲು ದಡಾರನೆ ಬಿದ್ದ ಸದ್ದಾಯಿತು. ಅಪ್ಪ ಕೆಸರು ಕಾಲಿನಲ್ಲಿಯೇ ಬಾಗಿಲಲ್ಲಿ ಬಂದು ನಿಂತ. ಬಾವಿಯ ಪಕ್ಕದ ಬಳ್ಳಿಯಲ್ಲಿ ಕೊಯ್ದ ತೊಟ್ಟು ನೋಡಿ ಓಡಿ ಬಂದಿದ್ದ.

ನಿಲ್ಲಿಸಿ ಎಂದು ಕೂಗುತ್ತಾನೆ ಎಂದುಕೊಂಡೆ. ಕೂಗಲಿಲ್ಲ. ಇಡೀ ಸಭೆಯ ಎದುರಿಗೆ ತಾಯಿ ಕೊಟ್ಟದ್ದನ್ನು ವಾಪಸ್ಸು ಕೊಡಿ ಎಂದು ಹೇಗೆ ಕೇಳುತ್ತಾನೆ? ಒಂದೇ ದಾರಿ ಉಳಿದಿತ್ತು. ಅಪ್ಪ ಕೈ ಎತ್ತಿ ಸವಾಲು ಕೂಗಿದ.

“ಏ ಶಾಂತಪ್ಪಾ, ಇದು ನಿಮ್ಮನಿ ಹಣ್ಣೈತಲ್ಲೋ!” ಎಂದರು ಮಾಸ್ತರರು.

“ಗೊತ್ತೈತ್ರಿ. ನಂದೊಂದು ಸವಾಲ್ ಹಿಡೀರಿ.”

ಬಸವಣ್ಣೆಪ್ಪನವರು ಹಿಂದಿರುಗಿ ನೋಡಿ ಮೀಸೆ ತಿರುವಿದರು. “ಬೆಳದಾಂವನ ಬಿಡವಲ್ಲ ಅಂದ್ರ ಹಣ್ಣಿನ್ಯಾಗ ಏನರ ಐತಿ! ಏರಸ್ರಿ ಮಾಸ್ತರ್ರ!” ಎಂದು ಕೂಗಿದರು. ಅಪ್ಪ ಏರಿಸಿದ. ಅವರು ಏರಿಸಿದರು. ದೇವಾಲಯದ ತುಂಬ ಗುಲ್ಲೆದ್ದಿತು. ಗಂಡಸರು ಎದ್ದು ನಿಂತರು, ಹೆಂಗಸರು ಚಾಪೆಯ ಮೇಲೆ ಮೊಣಕಾಲೂರಿದರು, ನಾನು ಬೆಂಚಿನ ಮೇಲೆ ಹತ್ತಿ ಕುಣಿಯತೊಡಗಿದೆ. ಹೆದರಿಕೆಯೋ ಖುಷಿಯೋ ನನಗೇ ಗೊತ್ತಿರಲಿಲ್ಲ. ಅಪ್ಪ ಕೈಯಲ್ಲಿದ್ದ ದುಡ್ಡೆಲ್ಲ ಕೂಗಿ ಮುಗಿಸಿ, ಮನೆಯ ಆಡು ಕೂಗಿ, ಕೊನೆಗೆ “ನನ್ನ ಸೈಕಲ್ಲು!” ಎಂದು ಕೂಗಿದ. ಅವ್ವ ಹಣೆ ಹಣೆ ಬಡಿದುಕೊಂಡಳು. ಬಸವಣ್ಣೆಪ್ಪನವರು ಸೈಕಲ್ಲಿನ ಮೇಲೂ ಒಂದು ಮಾತು ಏರಿಸಿದರು. ರೂಲುದೊಣ್ಣೆ ಮೇಜಿಗೆ ಬಿತ್ತು, ಹಣ್ಣು ಅವರ ಪಾಲಾಯಿತು. ಬ್ಯಾಡಗಿಯಲ್ಲಿ ಮಾಲು ಬಂದು ಬಿದ್ದಿದೆ ಎಂದು ಅವರು ಊಟಕ್ಕೂ ನಿಲ್ಲದೆ ಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಹೊರಟೇ ಹೋದರು. ಅಪ್ಪ ಓಡಿ ಹೊರಗೆ ಬರುವಷ್ಟರಲ್ಲಿ ಬರೀ ಧೂಳು.

ಪಾಟೀಲ ಸಾಹೇಬರು ಪ್ಲಾಟು ನೋಡಲು ಬರುವುದು ಮರುದಿನ ಬೆಳಿಗ್ಗೆಯೇ. ಅಪ್ಪ ಆಯಿಯನ್ನು ಒಂದು ಮಾತೂ ಬೈಯಲಿಲ್ಲ, ಅದೇ ಹೆಚ್ಚಿನ ಬೈಗುಳವಾಗಿತ್ತು. ಬ್ಯಾಡಗಿಗೆ ಹೋಗುತ್ತೇನೆ, ಹಣ್ಣು ಅವರೇ ತಿನ್ನಲಿ, ಬೀಜವಷ್ಟು ಕೇಳಿ ತರುತ್ತೇನೆ ಎಂದ. ಆಯಿ ಸೆರಗು ಹೊದ್ದು ಮುಂದಾದಳು.

“ನಾನೂ ಬರ್ತೇನಿ. ಕೊಟ್ಟಾಕಿ ನಾನು. ನೀ ಒಬ್ಬನ ಹೋಗಿ ಕೇಳಿದ್ರ ಕೊಟ್ಟು ಕಸಗೊಳ್ಳಾವ್ರು ಅಂತಾರ.”

ನಾನು ಯಾರನ್ನೂ ಕೇಳದೆ ಆಯಿಯ ಕೈ ಹಿಡಿದುಕೊಂಡು ಬಸ್ಸು ಹತ್ತಿದೆ. ಬ್ಯಾಡಗಿಗೆ ಬಸ್ಸು ತಿರುಗಿದ ಕೂಡಲೆ ಬಸ್ಸಿನವರೆಲ್ಲ ಒಟ್ಟಿಗೆ ಸೀನತೊಡಗಿದರು. ಸುಗ್ಗಿಯ ದಿನಗಳಲ್ಲಿ ಆ ಊರಿನ ಗಾಳಿಯೇ ಘಾಟು. ಬಸವಣ್ಣೆಪ್ಪನವರ ಅಂಗಡಿಯ ಮುಂದೆ ಕಣ್ಣು ಹಾಯುವಷ್ಟು ದೂರ ಕೆಂಪು, ಮೆಣಸಿನಕಾಯಿಯ ರಾಶಿ ರಾಶಿ, ನಡುವೆ ತೊಟ್ಟು ಬಿಡಿಸುತ್ತ ಕೂತ ಹೆಂಗಸರು. ಆಯಿ ಸೀನುತ್ತಲೇ ಎಲ್ಲ ಕಥೆ ಹೇಳಿದಳು. ನಡುನಡುವೆ ಸೀನು ಬಂದಾಗ ಮುಂದಿನ ಮಾತು ನಾನು ಹೇಳಿದೆ. ಸಾಹುಕಾರರು ಕೇಳಿ ಕೇಳಿ ಕೊನೆಗೆ ತೊಡೆ ತಟ್ಟಿಕೊಂಡರು.

“ಅಯ್ಯ, ನನಗ ಸಕ್ಕರಿ ಬ್ಯಾನಿ ಐತಿ, ನಾ ಹಣ್ಣು ಇಟ್ಟಕೊಂಡು ಏನ್ ಮಾಡ್ಲಿ? ಹಾವೇರಿ ಬೋರ್ಡಿಂಗಿನ ಹುಡುಗ್ಯಾರು ತಿನ್ಲಿ ಅಂತ ನಮ್ಮ ಆಳಿನ ಕೈಯಾಗ ಕೊಟ್ಟು ಬಸ್ಸಿಗೆ ಕಳಿಸಿಬಿಟ್ಟೆ!”

ಅಪ್ಪ ಅಲ್ಲೇ ಚೀಲದ ಮೇಲೆ ಕುಸಿದು ಕೂತ. “ಮುಗೀತ್ರಿ ಸಾವ್ಕಾರ್ರ” ಎಂದ. ಸಾಹುಕಾರರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. “ಏಳೋ ಶಾಂತಪ್ಪಾ! ಬಸ್ಸು ಊರೂರಿಗೆ ನಿಂದರತೈತಿ, ಜೀಪಿಗೇನು ಧಾಡಿ? ಹತ್ತರಿ ಯವ್ವಾ, ಹತ್ತ ಹುಡುಗೀ, ಲಗೂ!” ಆಹಾ, ಆ ಸವಾರಿ! ಮಾಲಿನ ರಾಶಿಯನ್ನು ಹಾಗೆಯೇ ಬಿಟ್ಟು ಸಾಹುಕಾರರು ಮುಂದೆ ಕೂತು, ಡ್ರೈವರನಿಗಿಂತ ಮೊದಲೇ ಕೈ ಚಾಚಿ ಹಾರ್ನು ಒತ್ತುತ್ತಿದ್ದರು. ಎಮ್ಮೆಗಳು ಪಕ್ಕಕ್ಕೆ ಸರಿದವು, ಚಕ್ಕಡಿಗಳು ಪಕ್ಕಕ್ಕೆ ಸರಿದವು. ಆಯಿಯ ಸೆರಗು ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ನಾನು ಜೀವನದಲ್ಲಿ ಮೊದಲ ಸಲ ಜೀಪಿನಲ್ಲಿ ಕೂತಿದ್ದೆ, ನಮ್ಮ ಪ್ಲಾಟು ಮುಳುಗುತ್ತಿದೆ ಎಂಬುದು ನೆನಪಿದ್ದರೂ ನಗು ತಡೆಯಲಾಗುತ್ತಿರಲಿಲ್ಲ. ಪಕ್ಕದಲ್ಲಿ ನೋಡಿದರೆ ಆಯಿಯೂ ನಗುತ್ತಿದ್ದಳು.

ಬೋರ್ಡಿಂಗಿನ ಅಂಗಳದಲ್ಲಿ ಹುಡುಗಿಯರು ತಾಟು ಹಿಡಿದು ಸಾಲಾಗಿ ಕೂತಿದ್ದರು. ಮೇಟ್ರನ್ ಮಾರ್ಥಕ್ಕ ಹಣ್ಣಿನ ಮೇಲೆ ಚೂರಿ ಇಟ್ಟಿದ್ದಳು. ನಾವು ಗೇಟು ದಾಟುವುದಕ್ಕೂ ಹಣ್ಣು ‘ಚರ್’ ಎಂದು ಬಿರಿಯುವುದಕ್ಕೂ ಸರಿಹೋಯಿತು. ಒಳಗೆ ರಕ್ತಗೆಂಪು, ನಡುವೆ ಕರೀ ಬೀಜಗಳ ಸಾಲು. ಹುಡುಗಿಯರೆಲ್ಲ ‘ಹೋ!’ ಎಂದರು. ಅಪ್ಪ ಅವರ ಮುಖಗಳನ್ನು ನೋಡಿದವನು ಕೇಳಲಾರದೆ ತಲೆ ತಗ್ಗಿಸಿ ನಿಂತುಬಿಟ್ಟ. ಆಯಿಯೇ ಮುಂದೆ ಹೋದಳು.

“ಮಾರ್ಥಕ್ಕಾ, ಈ ಹಣ್ಣು ದೇವರಿಗೆ ಕೊಟ್ಟಾಕಿ ನಾನು. ಆದ್ರ ಒಳಗಿನ ಬೀಜ ಕಂಪನಿದಾವಂತ. ಹುಡುಗ್ಯಾರು ಹೊಟ್ಟಿತುಂಬ ತಿನ್ಲಿ, ಬೀಜ ಅಷ್ಟ ಉಗುಳಿ ಕೊಡ್ಲಿ.”

“ಉಗುಳಿದ್ದು ತಗೊಂಡು ಏನ್ ಮಾಡ್ತೀರಿ ಯಮ್ಮಾ?” ಎಂದು ಮಾರ್ಥಕ್ಕ ಬಾಯಿಬಿಟ್ಟುಕೊಂಡು ಕೇಳಿದಳು.

ಬಸವಣ್ಣೆಪ್ಪನವರು ಉತ್ತರಕ್ಕೆ ಕಾಯಲಿಲ್ಲ. ಅಡುಗೆಮನೆಯಿಂದ ಹಿತ್ತಾಳೆ ಪರಾತ ತರಿಸಿ ಅಂಗಳದ ನಡುವೆ ಇಟ್ಟು, “ಯಾರ ಬೀಜ ಟಣ್ ಅಂತ ಬೀಳತೈತಿ ನೋಡೂಣು!” ಎಂದು ಸವಾಲು ಹಾಕಿದರು. ಅಷ್ಟೇ ಸಾಕಾಯಿತು. ಹೆಣ್ಣುಮಕ್ಕಳು ಉಗುಳಬಾರದು ಎಂದು ಹಗಲೂ ರಾತ್ರಿ ಕೇಳಿ ಬೆಳೆದ ಹುಡುಗಿಯರು ಅವತ್ತು ಸಾಹುಕಾರರ ಅಪ್ಪಣೆಯ ಮೇರೆಗೆ, ಮೇಟ್ರನ್ ಎದುರಿಗೆ, ಗಲ್ಲ ಉಬ್ಬಿಸಿ ಉಬ್ಬಿಸಿ ಉಗುಳಿದರು. ಟಣ್! ಟಣ್! ಪರಾತಕ್ಕೆ ಬೀಳದ ಬೀಜಗಳನ್ನು ಅಪ್ಪ ನೆಲದ ಮೇಲೆ ಮೊಣಕಾಲೂರಿ ಆರಿಸುತ್ತಿದ್ದ. ನನಗೂ ಒಂದು ಹೋಳು ಸಿಕ್ಕಿತು. ನಾನೇ ಹೂ ಸವರಿದ ಬಳ್ಳಿಯ ಹಣ್ಣನ್ನು ನಾನು ಮೊದಲು ತಿಂದದ್ದು ಅಲ್ಲಿ, ಗುರುತಿಲ್ಲದ ಹುಡುಗಿಯರ ಸಾಲಿನಲ್ಲಿ, ಮೊಣಕೈವರೆಗೆ ರಸ ಸುರಿಸಿಕೊಂಡು. ಅಷ್ಟು ಸಿಹಿಯಾದ ಹಣ್ಣನ್ನು ನಾನು ಮತ್ತೆ ತಿಂದಿಲ್ಲ. ಅದೊಂದು ಸಂಜೆ ನಾನು ನನ್ನ ತತ್ತಿಗಳ ಸಿಟ್ಟನ್ನೆಲ್ಲ ಮರೆತಿದ್ದೆ. ಕೊನೆಯಲ್ಲಿ ಕೂತ ಪುಟ್ಟ ಹುಡುಗಿಯೊಬ್ಬಳು ಬೀಜ ನುಂಗಿಬಿಟ್ಟು, ಹೊಟ್ಟೆಯಲ್ಲಿ ಬಳ್ಳಿ ಬೆಳೆಯುತ್ತದೆಂದು ಹೋ ಎಂದು ಅಳತೊಡಗಿದಳು. ಅಪ್ಪ ಅವಳ ಕಣ್ಣೊರೆಸಿದ.

“ಅಳಬ್ಯಾಡ ಮಗಾ. ಅದೊಂದು ದೇವರ ಪಾಲು ಅಂತ ಬಿಟ್ಟೇವಿ.”

ಸೋಮವಾರ ಬೆಳಿಗ್ಗೆ ಬೀಜಗಳು ತೊಳೆದು ಶುಭ್ರವಾಗಿ ಅಂಗಳದ ಬಿಳೀ ಪಂಚೆಯ ಮೇಲೆ ಒಣಗುತ್ತಿದ್ದವು. ಅವ್ವ ಕೋಳಿ ಕಾಯುತ್ತ ಕೋಲು ಹಿಡಿದು ಕೂತಿದ್ದಳು. ಪಾಟೀಲ ಸಾಹೇಬರ ಮೋಟರ್‌ಸೈಕಲ್ಲಿನ ಸದ್ದು ಕೇಳಿತು. ಬಳ್ಳಿಯಲ್ಲಿ ಹಣ್ಣು ಕೊಳೆತಿತ್ತು, ಕಿತ್ತು ಬೀಜ ತೆಗೆದೆ ಎಂದರೆ ಮುಗಿದುಹೋಗುತ್ತಿತ್ತು. ಅವ್ವ ಹಾಗೆಂದೇ ಹೇಳಿಕೊಟ್ಟಿದ್ದಳು. ಅಪ್ಪ ಸಾಹೇಬರನ್ನು ಕುಂದ್ರಿಸಿ, ನೀರು ಕೊಟ್ಟು, ದೇವಾಲಯದಿಂದ ಪರಾತದವರೆಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಸಾಹೇಬರು ಒಂದು ಬೀಜ ಎತ್ತಿ ತಿರುಗಿಸಿ ನೋಡಿದರು.

“ಹುಡುಗರ ಬಾಯಾಗಿಂದ ಬಂದ ಬೀಜ ನಾ ಕಂಪನಿಗೆ ಹ್ಯಾಂಗ ಕೊಡ್ಲಿ ಮಾರಾಯಾ? ಹೊರಗರ ಬಿಡಾಕ ಬರತೈತೇನು?”

“ಏನ್ ಮಾಡೂಣ್ರಿ ಸಾಹೇಬ್ರ?”

“ತಂಗೀ, ಒಲಿ ಮ್ಯಾಲೆ ಹಂಚು ಇಡು. ಉಪ್ಪು ಹಾಕಿ ಹುರದುಬಿಡು. ಹುರದ ಬೀಜ ಎಲ್ಲಿ ಹೋದ್ರೂ ಮೊಳಕಿ ಒಡಿಯಂಗಿಲ್ಲ.”

ಅವ್ವ ಹುರಿದಳು. ರಾಣೆಬೆನ್ನೂರಿನಿಂದ ಹಾವೇರಿವರೆಗೆ ಬೆನ್ನಟ್ಟಿ ತಂದ ಬೀಜಗಳು ಹಂಚಿನ ಮೇಲೆ ಚಟಪಟ ಎಂದವು. ಸಾಹೇಬರು ಚಹಾದ ಜೊತೆಗೆ ಅವನ್ನು ಬಿಡಿಸಿ ಬಿಡಿಸಿ ತಿಂದರು, ನಮಗೂ ಕೊಟ್ಟರು. ಇನ್ನೊಮ್ಮೆ ಹೀಗಾದರೆ ಪ್ಲಾಟು ಇರುವುದಿಲ್ಲ ಎಂದು ಅಪ್ಪನ ಭುಜ ತಟ್ಟಿ ಹೋದರು. ನಾನೂ ಅವ್ವನೂ ಕೈ ಹಿಡಿದುಕೊಂಡು ಅಡುಗೆಮನೆಯಲ್ಲಿ ಗಿರಗಿರ ತಿರುಗಿದೆವು. ಅಪ್ಪ ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚಿದ. ಆಗ ಆಯಿ ಅವನ ಎದುರಿಗೆ ಬಂದು ಕೂತಳು.

“ಕಂಪನಿದು ಕಂಪನಿಗೆ ಮುಟ್ಟಿತು. ಚೊಲೋ ಆತು. ನಿನ್ನ ಹೊಲದಿಂದ ದೇವರಿಗೆ ಏನ್ ಮುಟ್ಟಿತು?”

“ಹುಡುಗ್ಯಾರು ತಿಂದ್ರಲ್ಲ ಯವ್ವಾ.”

“ಅದು ನಾ ಕೊಟ್ಟದ್ದು. ಕೊಡಬಾರದ್ದು ಕೊಟ್ಟೆ, ತಪ್ಪಾತು, ಖರೇ. ನೀ ಏನ್ ಕೊಟ್ಟಿ?”

ಆ ಪ್ರಶ್ನೆ ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಇನ್ನೊಬ್ಬ ಮನುಷ್ಯನ ಹಾಗೆ ಓಡಾಡಿಕೊಂಡಿತ್ತು. ಮತ್ತೆ ಕಲ್ಲಂಗಡಿಯ ಪ್ಲಾಟೇ ಬಂತು, ಅದರ ಹತ್ತಿರ ಬೇರೆ ಬಳ್ಳಿ ಹಾಕುವಂತಿಲ್ಲ, ಇದ್ದ ಹೊಲವೆಲ್ಲ ಅದಕ್ಕೇ ಹೋಗಿತ್ತು. ಅಪ್ಪ ಕೆಲವೊಮ್ಮೆ ಹೂ ಸವರುತ್ತ ಸವರುತ್ತ ನಿಂತುಬಿಡುತ್ತಿದ್ದ. ಏನಪ್ಪಾ ಎಂದರೆ ಏನಿಲ್ಲವಾ ಎನ್ನುತ್ತಿದ್ದ. ಆಯಿ ಹೊಲದ ಕಡೆ ಕಾಲೇ ಹಾಕಲಿಲ್ಲ. ಹಬ್ಬ ಮತ್ತೆ ಹತ್ತಿರ ಬಂತು. ಊರಿಗೆಲ್ಲ ಕಳೆದ ವರ್ಷದ ಕಥೆ ಗೊತ್ತು, ಈ ಸಲ ಶಾಂತಪ್ಪನ ಮನೆಯಿಂದ ಏನು ಬರುತ್ತದೆ ಎಂದು ಎಲ್ಲರಿಗೂ ಕುತೂಹಲ.

ನಮ್ಮಲ್ಲಿ ಹಬ್ಬದ ದಿನ ಹಾಡು ಹಾಡುತ್ತ ಒಬ್ಬೊಬ್ಬ ರೈತನೂ ತನ್ನ ಹೊಲದ ಫಲ ಹೊತ್ತು ಸಾಲಿನಲ್ಲಿ ಮೇಜಿನ ತನಕ ಹೋಗುವ ಪದ್ಧತಿ. ಅಪ್ಪನೂ ಸಾಲಿನಲ್ಲಿ ನಿಂತ. ಮುಂದಿನವನ ತಲೆಯ ಮೇಲೆ ಕಬ್ಬಿನ ಹೊರೆ, ಹಿಂದಿನವನ ಹೆಗಲ ಮೇಲೆ ಜೋಳದ ಚೀಲ, ನಡುವೆ ನನ್ನಪ್ಪ ಬರಿಗೈಯಲ್ಲಿ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಹಾಡು ಒಂದೊಂದೇ ಬಾಯಲ್ಲಿ ನಿಂತುಹೋಯಿತು. ಅಪ್ಪ ಮೇಜಿನ ಹತ್ತಿರ ಹೋದವನು ಹಿಂದಿರುಗಲಿಲ್ಲ. ಕುಂಬಳಕಾಯಿಗೂ ಕಬ್ಬಿಗೂ ನಡುವೆ, ನಮ್ಮ ಕಡೆ ಮುಖ ಮಾಡಿ ನಿಂತುಕೊಂಡ.

“ಅಯ್ಯನವರ, ನೆಲ ದೇವರದು, ನೀರು ದೇವರದು. ಬೀಜ ಕಂಪನಿದು, ಹಣ್ಣು ಕಂಪನಿದು. ವರ್ಷಪೂರ್ತಿ ಹುಡುಕಿ ನೋಡೇನಿ. ಆ ಹೊಲದಾಗ ನಂದು ಅಂತ ಕೊಡಾಕ ಸಿಕ್ಕದ್ದು ಇವೆರಡು ಕೈ.” ಅಪ್ಪ ಕೈಗಳನ್ನು ಮುಂದೆ ಚಾಚಿದ. “ಈ ಸಲ ನನ್ನ ಹೊಲ ಹರಗಿ ಹದಾ ಮಾಡೂಕಿಂತ ಮೊದ್ಲ ಒಂದು ವಾರ ಈ ಕೈ ದೇವರಿಗೆ. ಸವಾಲ್ ಗೆದ್ದಾವ್ರು ಎಲ್ಲಿ ದುಡಿ ಅಂತಾರ ಅಲ್ಲಿ ದುಡೀತೇನಿ. ಮಾಸ್ತರ್ರ, ನನ್ನ ಸವಾಲಿಗೆ ಹಚ್ಚರಿ.”

ಸಾಲೊಮೋನ ಮಾಸ್ತರರು ರೂಲುದೊಣ್ಣೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಹುಂಜ ಮಾರಿದ್ದರು, ಆಡು ಮಾರಿದ್ದರು, ಮನುಷ್ಯನನ್ನು ಹೇಗೆ ಕೂಗುವುದೋ ಅವರಿಗೆ ತಿಳಿಯಲಿಲ್ಲ. “ಒಂದು... ಒಂದು ಶಾಂತಪ್ಪಾ...” ಎಂದರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಇನ್ಯಾರೋ ಚೇಷ್ಟೆಗೆ ಒಂದು ತೆಂಗಿನಕಾಯಿಯ ಬೆಲೆ ಕೂಗಿದರು. ನಗು ದೇವಾಲಯದ ತುಂಬ ಹರಡಿತು. ಮೊದಲ ಸಾಲಿನಲ್ಲಿದ್ದ ಬಸವಣ್ಣೆಪ್ಪನವರು ಮಾತ್ರ ನಗಲಿಲ್ಲ. ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಪ್ಪ ಚಾಚಿದ ಕೈಗಳನ್ನು ಕೆಳಗಿಳಿಸಲಿಲ್ಲ. ನನ್ನಪ್ಪನಷ್ಟು ದೊಡ್ಡ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಎಂದು ಕೂಗಬೇಕೆನಿಸಿತು.

ಅಷ್ಟರಲ್ಲಿ ಹೆಂಗಸರ ಚಾಪೆಯಿಂದ ಆಯಿ ಎದ್ದಳು. ಮಂಡಿನೋವಿನ ಮುದುಕಿ, ನನ್ನ ಹೆಗಲ ಮೇಲೆ ಪೂರಾ ಭಾರ ಹಾಕಿ ನೆಟ್ಟಗೆ ನಿಂತಳು. ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ದನಿ ಮಾತ್ರ ಕಬ್ಬು ಕಟ್ಟಿದ ಬಾಗಿಲಿನ ಆಚೆಗೂ ಕೇಳಿಸಿತು.

“ಮಾಸ್ತರ್ರ! ಅಂವ ನನ್ನ ಚೊಚ್ಚಲ ಮಗ ಅದಾನ್ರಿ. ಕಮ್ಮಿಗೆ ಬಿಡಬ್ಯಾಡ್ರಿ!”